ಗೂಬೆಯನ್ನು ಕತ್ತಲಿಗೆ ಮರಳಿಸುವ ಕಸುಬು

ಮಸಿನಗುಡಿ ಪಕ್ಕದ ಮಾವನಹಳ್ಳದಲ್ಲಿ ಹಿಲ್ ವ್ಯೂ ಫಾರ್ಮ್ ಎಂಬ ಪ್ರಾಣಿಧಾಮವಿದೆ. ಇಂಡಿಯಾ ಪ್ರಾಜೆಕ್ಟ್ ಫಾರ್ ಅನಿಮಲ್ಸ್ ಅಂಡ್ ನೇಚರ್ ಸಂಸ್ಥೆ, ಅಲ್ಲಿನವರ ಬಾಯಲ್ಲಿ ‘ಐಪ್ಯಾನ್’, ಇದನ್ನು ನಡೆಸುತ್ತದೆ. ಕತ್ತೆ, ಕುದುರೆ, ನಾಯಿಗಳ ಆಸರೆಯೆಂದೇ ಇದು ಹೆಸರಾಗಿದ್ದರೂ ಮುದುಮಲೈ ಕಾಡಿನ ಅಂಚಿನಲ್ಲೇ ಇರುವುದರಿಂದ ಗಾಯಗೊಂಡ ಕಾಡುಜೀವಿಗಳ ಆರೈಕೆಯೂ ಇಲ್ಲಿಯ ಕೆಲಸಗಳಲ್ಲೊಂದು. ಸೀಗೂರು ಬಯಲಿನಿಂದ ಉದಕಮಂಡಲದ ಚಹಾ ತೋಟಗಳವರೆಗೆ ಮೀನುಗೂಬೆ, ಕಂದು ಕಾಡುಗೂಬೆ, ಹಾಲಕ್ಕಿ, ಕಣಜಗೂಬೆ ಹೀಗೆ ಹಲವು ಬಗೆಯ ಗೂಬೆಗಳು ನೆಲೆಸಿರುವ ಸೀಮೆಯಿದು. 36 ತಿರುವುಗಳ ಕಲ್ಲಟ್ಟಿ ಘಾಟಿ, ಗೂಡಲೂರು–ಮೈಸೂರು ಹೆದ್ದಾರಿ, ತೋಟಗಳ ಮುಳ್ಳುತಂತಿ, ಇಲಿ ಪಾಷಾಣ ಎಲ್ಲವೂ ಅವುಗಳ ದಾರಿಯಲ್ಲೇ ಇವೆ. ಹೀಗೆ ಗಾಯಗೊಂಡ ಗೂಬೆಯನ್ನು ಮತ್ತೆ ಹಾರಿಸುವುದು ಕನಿಕರದ ಕೆಲಸವೆಂದು ನಾವು ತಿಳಿಯುತ್ತೇವೆ. ನನ್ನ ಪ್ರಕಾರ ಅದು ಮೊದಲಿಗೆ ಒಂದು ಕಸುಬು. ಕಸುಬರಿಯದ ಕನಿಕರ ಗೂಬೆಯ ಜೀವವನ್ನೇ ತೆಗೆದೀತು.

ಗೂಬೆಯ ಮೈಕಟ್ಟನ್ನು ನೋಡಿದರೆ ಈ ಮಾತು ಅತಿಯೆನಿಸದು. ಅದರ ಶ್ವಾಸನಾಳದ ಬಾಯಿ ನಾಲಿಗೆಯ ಬುಡದಲ್ಲೇ ತೆರೆದುಕೊಳ್ಳುತ್ತದೆ. ಬಾಯಾರಿದೆಯೆಂದು ಕೊಕ್ಕು ಬಿಡಿಸಿ ನೀರೋ ಹಾಲೋ ಹೊಯ್ದರೆ ಅದು ನೇರ ಶ್ವಾಸಕ್ಕೆ ಇಳಿಯಬಹುದು. ಹಾಲನ್ನು ಅರಗಿಸಿಕೊಳ್ಳುವ ಹೊಟ್ಟೆಯಂತೂ ಹಕ್ಕಿಗಿಲ್ಲ. ಮೆತ್ತನೆಯ ಮಾಂಸವಾದರೆ ಒಳ್ಳೆಯದೆಂದು ಕೋಳಿಯ ತುಂಡನ್ನಷ್ಟೇ ವಾರಗಟ್ಟಲೆ ತಿನಿಸಿದರೆ ಬೆಳೆಯುವ ಮರಿಯ ಮೂಳೆ ಸುಣ್ಣವಿಲ್ಲದೆ ಬಾಗುತ್ತದೆ. ಗೂಬೆಗೆ ಇಡೀ ಇಲಿಯೇ ಬೇಕು, ಎಲುಬು ರೋಮ ಸಮೇತ. ಜೀರ್ಣವಾಗದ್ದನ್ನು ಅದು ಉಂಡೆ ಕಟ್ಟಿ ಕಕ್ಕುತ್ತದೆ, ಆ ಉಂಡೆ ನೋಡಿಯೇ ಹೊಟ್ಟೆ ಸರಿಯಿದೆಯೇ ಎಂದು ಪಳಗಿದವರು ಹೇಳುತ್ತಾರೆ. ಗೂಬೆಯ ಕಣ್ಣು ಗೋಲಿಯಂತಿರದೆ ಕೊಳವೆಯಂತಿದೆ, ಗೂಡಿನಲ್ಲಿ ಹೊರಳುವುದಿಲ್ಲ. ಆದ್ದರಿಂದಲೇ ಅದು ಕತ್ತನ್ನು 270 ಡಿಗ್ರಿ ತಿರುಗಿಸುತ್ತದೆ. ವಾಹನ ಬಡಿದ ಗೂಬೆ ಹೊರಗೆ ಗಾಯವಿಲ್ಲದೆ ನೆಟ್ಟಗೆ ಕೂತಿದ್ದರೂ ಕಣ್ಣಿನೊಳಗೆ ರಕ್ತ ಒಸರಿರಬಹುದು. ಪಾಷಾಣ ತಿಂದ ಇಲಿಯನ್ನು ನುಂಗಿದ ಗೂಬೆಯದು ಇನ್ನೊಂದು ಕಥೆ: ಬ್ರೊಮಾಡಿಯೋಲೋನ್‌ನಂಥ ವಿಷಗಳು ರಕ್ತ ಹೆಪ್ಪುಗಟ್ಟುವುದನ್ನೇ ತಡೆಯುತ್ತವೆ. ಅದಕ್ಕೆ ಕೆ1 ಜೀವಸತ್ವ ಬೇಕು, ಹೊತ್ತು ಮೀರುವ ಮೊದಲು ಬೇಕು.

ಮೂಳೆ ಕೂಡಿತೆಂದರೆ ಅರ್ಧ ದಾರಿ ಸವೆದಂತೆ, ಅಷ್ಟೇ. ಗೂಬೆಯ ರೆಕ್ಕೆಗರಿಯ ಮುಂದಂಚಿನಲ್ಲಿ ಬಾಚಣಿಗೆಯ ಹಲ್ಲಿನಂಥ ಎಳೆಗಳಿವೆ, ಅದು ಸದ್ದಿಲ್ಲದೆ ಎರಗುವುದಕ್ಕೆ ಅವು ಮುಖ್ಯ ಕಾರಣ. ಇಕ್ಕಟ್ಟಾದ ತಂತಿ ಪಂಜರದಲ್ಲಿ ರೆಕ್ಕೆ ಬಡಿದು ಗರಿ ಮುರಿದರೆ ವಾಸಿಯಾದ ಹಕ್ಕಿಯೂ ಹಸಿದು ಸಾಯುತ್ತದೆ. ಮುರಿದ ಗರಿಯ ಬುಡಕ್ಕೆ ಉದುರಿದ ಗರಿಯನ್ನು ಕಡ್ಡಿಯಿಟ್ಟು ಕೂಡಿಸುವ ವಿದ್ಯೆ ಬೇಟೆಯ ಡೇಗೆ ಸಾಕುತ್ತಿದ್ದವರಿಂದ ಬಂದದ್ದು. ಡೇಗೆಯ ಬೇಟೆ ನಮಗೂ ಹೊಸದಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೇ ಶತಮಾನದಲ್ಲೇ ‘ಮಾನಸೋಲ್ಲಾಸ’ದಲ್ಲಿ ಅದನ್ನು ರಾಜವಿನೋದವಾಗಿ ವಿವರಿಸಿದ್ದಾನೆ. ಅಂದು ಹಕ್ಕಿಯನ್ನು ಮುಂಗೈಗೆ ಪಳಗಿಸಲು ಬೆಳೆದ ಜ್ಞಾನ ಇಂದು ಅದನ್ನು ಮನುಷ್ಯನಿಂದ ಬಿಡಿಸಲು ಬಳಕೆಯಾಗುತ್ತಿದೆ. ಆ ಬಿಡಿಸುವಿಕೆಯೇ ಎಲ್ಲಕ್ಕಿಂತ ಕಷ್ಟ. ಮುದ್ದಿಸಿ ಬೆಳೆಸಿದ ಮರಿ ಮನುಷ್ಯನನ್ನೇ ತನ್ನ ಕುಲವೆಂದು ನಂಬುತ್ತದೆ, ಮುಂದೆ ಜೋಡಿಯನ್ನೂ ಗುರುತಿಸಲಾರದು. ಅದಕ್ಕೇ ಬಲ್ಲವರು ಮಾತಾಡುವುದಿಲ್ಲ, ಹೆಸರಿಡುವುದಿಲ್ಲ, ಮುಖ ಮರೆಸಿಕೊಂಡು ತಿನಿಸುತ್ತಾರೆ. ಹತ್ತಿರ ಹೋದಾಗ ಗೂಬೆ ಹೆದರಿ ಕೊಕ್ಕು ಕಟಕಟಿಸಿದರೆ ಆರೈಕೆ ಗೆದ್ದಿತೆಂದು ಅರ್ಥ. ಕೊನೆಗೆ ಕತ್ತಲ ಕೋಣೆಯಲ್ಲಿ ಓಡುವ ಇಲಿಯನ್ನು ತಾನೇ ಹಿಡಿಯಬೇಕು. ಕಣಜಗೂಬೆಯ ಎರಡು ಕಿವಿಗಳು ಒಂದೇ ಮಟ್ಟದಲ್ಲಿಲ್ಲ. ಆ ಏರುಪೇರಿನ ಬಲದಿಂದಲೇ ಅದು ಕಾಣದ ಇಲಿಯ ಜಾಗವನ್ನು ಸದ್ದಿನಲ್ಲೇ ಗುರುತಿಸುತ್ತದೆ. ಹಾಗಾಗಿ ಕಣ್ಣಿನಷ್ಟೇ ಕಿವಿಯ ಪರೀಕ್ಷೆಯೂ ನಡೆಯಬೇಕು.

ಒಂದು ಗೂಬೆ ಉಳಿದರೆ ಕುಲ ಉಳಿದೀತೇ, ಆ ಹಣವನ್ನು ಕಾಡಿಗೇ ಹಾಕಬಾರದೇ ಎಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದದ್ದೇ, ಸಂಖ್ಯೆಯ ಲೆಕ್ಕದಲ್ಲಿ ಅವರು ಹೇಳುವುದು ನಿಜ. ಆದರೆ ಗೂಬೆಯನ್ನು ಮುರಿದದ್ದು ಕಾಡಲ್ಲ, ನಮ್ಮ ತಂತಿ ಮತ್ತು ನಮ್ಮ ವಿಷ. ಯಾವ ತಿರುವಿನಲ್ಲಿ ಬಡಿಯಿತು, ಯಾವ ತೋಟದ ಪಾಷಾಣ ಹೊಟ್ಟೆಯಲ್ಲಿತ್ತು ಎಂಬುದನ್ನು ಮೇಜಿನ ಮೇಲಿನ ಗೂಬೆಯೇ ತಿಳಿಸುತ್ತದೆ. ಬಂಡೀಪುರದ ಹೆದ್ದಾರಿಯಲ್ಲಿ 2009ರಿಂದ ರಾತ್ರಿ ಸಂಚಾರ ನಿಂತದ್ದು ರಸ್ತೆಯಲ್ಲಿ ಸಾಯುವ ಪ್ರಾಣಿಗಳನ್ನು ಕಂಡೇ ಅಲ್ಲವೇ? ಹಾರಲಾರದ ಗೂಬೆಯನ್ನು ಜೀವಮಾನವಿಡೀ ಪಂಜರದಲ್ಲಾದರೂ ಉಳಿಸಿ ಎಂಬ ಎದುರು ಮಾತನ್ನು ಮಾತ್ರ ನಾನು ಒಪ್ಪಲಾರೆ. ಮನುಷ್ಯ ಕಂಡಾಗಲೆಲ್ಲ ಬೆದರುವ ಕಾಡುಗೂಬೆಗೆ ಆ ಬದುಕು ದಿನದಿನದ ಹಿಂಸೆ. ನೋವಿಲ್ಲದ ಸಾವನ್ನು ಪಶುವೈದ್ಯರು ಆರಿಸಿದರೆ ಅವರನ್ನು ಕಟುಕರೆನ್ನಬಾರದು.

ನಮ್ಮ ಭಾಷೆಯೇ ಈ ಹಕ್ಕಿಗೆ ಅನ್ಯಾಯ ಮಾಡಿದೆ. ತಪ್ಪು ಹೊರಿಸುವುದಕ್ಕೆ ‘ಗೂಬೆ ಕೂರಿಸುವುದು’ ಎನ್ನುತ್ತೇವೆ. ಅದು ಮನೆ ಹೊಕ್ಕರೆ ಮನೆಯನ್ನೇ ಬಿಟ್ಟವರಿದ್ದಾರೆ. ಅದೇ ನಾಡಿನಲ್ಲಿ ಹಾಲಕ್ಕಿಯ ನುಡಿಯನ್ನು ಬುಡಬುಡಿಕೆಯವರು ಶುಭವೆಂದು ಸಾರುತ್ತಾರೆ. ದೇಶದ ಸುಮಾರು 30 ಬಗೆಯ ಗೂಬೆಗಳಲ್ಲಿ 15 ಕಳ್ಳಪೇಟೆಗೆ ಸಿಕ್ಕಿವೆಯೆಂದು, ವನ್ಯಜೀವಿ ವ್ಯಾಪಾರದ ಮೇಲೆ ಕಣ್ಣಿಡುವ ಟ್ರಾಫಿಕ್ ಸಂಸ್ಥೆಯ 2010ರ ವರದಿ ತೋರಿಸಿತು. ದೀಪಾವಳಿಯ ಹೊತ್ತಿನ ಮಾಟಮಂತ್ರ ಅದಕ್ಕೊಂದು ದೊಡ್ಡ ಕಾರಣ.

ಬೆಂಗಳೂರಿಗರಿಗೆ ಕೆಂಗೇರಿ ಬಳಿ ಪೀಪಲ್ ಫಾರ್ ಅನಿಮಲ್ಸ್‌ನ ವನ್ಯಜೀವಿ ಆಸ್ಪತ್ರೆಯಿದೆ, ನೀಲಗಿರಿಯವರಿಗೆ ಹತ್ತಿರದ ಅರಣ್ಯ ಕಚೇರಿಯೇ ಮೊದಲ ಬಾಗಿಲು. ಕಾಡುಜೀವಿ ಕೈಗೆ ಬಂದರೆ 48 ಗಂಟೆಯೊಳಗೆ ತಿಳಿಸಬೇಕೆಂದು 1972ರ ವನ್ಯಜೀವಿ ಕಾಯ್ದೆಯೂ ಹೇಳುತ್ತದೆ. ನೆಲದಲ್ಲಿ ಕಂಡ ಗೂಬೆಮರಿಗೆ ಗಾಯವಿಲ್ಲದಿದ್ದರೆ ಹತ್ತಿರದ ಕೊಂಬೆಗೇರಿಸಿ, ತಾಯಿ ಸಮೀಪದಲ್ಲೇ ಇರುತ್ತದೆ. ಗಾಯವಾಗಿದ್ದರೆ ದಪ್ಪ ಬಟ್ಟೆ ಹೊದಿಸಿ ಕಾಲನ್ನು ಜೋಪಾನವಾಗಿ ಹಿಡಿದು, ಗಾಳಿಯಾಡುವ ರಟ್ಟಿನ ಪೆಟ್ಟಿಗೆಯಲ್ಲಿಟ್ಟು ಮುಚ್ಚಿ. ಏನನ್ನೂ ಕುಡಿಸಬೇಡಿ, ಫೋಟೊಗೆಂದು ಪೆಟ್ಟಿಗೆ ತೆರೆಯಬೇಡಿ. ಸಿಕ್ಕ ಜಾಗವನ್ನು ಮಾತ್ರ ಸರಿಯಾಗಿ ಬರೆದುಕೊಡಿ, ವಾಸಿಯಾದ ಗೂಬೆಯನ್ನು ಒಂದು ಸಂಜೆ ಅಲ್ಲಿಗೇ ತಂದು ಬಿಡಬೇಕಾಗುತ್ತದೆ.