ಗುರಿಗೆ ಆಸರೆಯಾದ ತೊಗಲಿನ ಪಟ್ಟಿ

ಬ್ಯಾಂಕಿನ ಬಾಗಿಲಲ್ಲೋ ಖಜಾನೆಯ ಮುಂದೋ ಪಹರೆ ನಿಂತವರ ಹೆಗಲಿನಲ್ಲಿ ಬಂದೂಕು ತೂಗುವುದನ್ನು ಎಲ್ಲರೂ ಕಂಡಿರುತ್ತಾರೆ. ಅದನ್ನು ಹೆಗಲಿಗೆ ಹಿಡಿದಿಡುವ ಪಟ್ಟಿಯತ್ತ ಮಾತ್ರ ಯಾರ ಗಮನವೂ ಹೋಗುವುದಿಲ್ಲ. ಚೀಲಕ್ಕೊಂದು ಹಿಡಿ ಇದ್ದಂತೆ ಬಂದೂಕಿಗೊಂದು ಪಟ್ಟಿ, ಅದರ ಕೆಲಸ ಹೊರುವುದಷ್ಟೇ ಎಂಬುದು ಸಾಮಾನ್ಯ ತಿಳಿವಳಿಕೆ. ಆದರೆ ಪಳಗಿದ ಗುರಿಕಾರರ ಕೈಯಲ್ಲಿ ಇದೇ ಪಟ್ಟಿಗೆ ಇನ್ನೊಂದು ಕೆಲಸವಿದೆ. ಗುಂಡು ಹಾರಿಸುವ ಹೊತ್ತಿಗೆ ಅದು ಹೆಗಲಿನಿಂದ ಇಳಿದು ಎಡತೋಳನ್ನು ಬಿಗಿದುಕೊಳ್ಳುತ್ತದೆ, ನಡುಗುವ ಕೈಯನ್ನು ನಿಲ್ಲಿಸುತ್ತದೆ. 'ಸ್ಲಿಂಗ್' ಎಂದು ಕರೆಯಲಾಗುವ ಈ ಪಟ್ಟಿಯನ್ನು ಆರಿಸುವುದಕ್ಕೂ ಬಳಸುವುದಕ್ಕೂ ಒಂದು ಕ್ರಮವೇ ಬೆಳೆದು ಬಂದಿದೆ.

ಕೈ ನಡುಗಿದರೆ ಏನಾಗುತ್ತದೆ ಎಂಬುದನ್ನು ಸಣ್ಣದೊಂದು ಲೆಕ್ಕದಿಂದ ತಿಳಿಯಬಹುದು. ಸುಮಾರು ಒಂದು ಮೀಟರ್ ಉದ್ದದ ರೈಫಲ್ಲಿನ ನಳಿಗೆಯ ತುದಿ ಒಂದೇ ಒಂದು ಮಿಲಿಮೀಟರಿನಷ್ಟು ಪಕ್ಕಕ್ಕೆ ಸರಿಯಿತೆನ್ನಿ. 100 ಮೀಟರ್ ದೂರದಲ್ಲಿ ಗುಂಡು 10 ಸೆಂಟಿಮೀಟರ್ ಆಚೆ ಬೀಳುತ್ತದೆ. 300 ಮೀಟರಿನಲ್ಲಿ 30 ಸೆಂಟಿಮೀಟರ್. 50 ಮೀಟರ್ ರೈಫಲ್ ಸ್ಪರ್ಧೆಯಲ್ಲಿ ಗುರಿಹಲಗೆಯ ನಡುವಿನ ಹತ್ತು ಅಂಕದ ವೃತ್ತದ ಅಗಲ ಕೇವಲ 10.4 ಮಿಲಿಮೀಟರ್. ಅದರೊಳಗೆ ಗುಂಡು ಕೂರಬೇಕಾದರೆ ನಳಿಗೆಯ ತುದಿಗೆ ಅಲುಗಾಡಲು ಸಿಗುವ ಅವಕಾಶ ಒಂದು ಮಿಲಿಮೀಟರಿನ ಹತ್ತನೆಯ ಒಂದು ಪಾಲಿನಷ್ಟು. ಎಷ್ಟೇ ಗಟ್ಟಿಗನಾಗಲಿ, ನಾಲ್ಕು ಕಿಲೋ ತೂಕದ ರೈಫಲ್ಲನ್ನು ಬರಿಯ ಮಾಂಸಖಂಡಗಳ ಬಲದಿಂದ ಅಷ್ಟು ನಿಶ್ಚಲವಾಗಿ ಹಿಡಿಯಲಾರ. ಮಾಂಸಖಂಡ ದಣಿಯುತ್ತದೆ, ದಣಿದಾಗ ನಡುಗುತ್ತದೆ. ಮೂಳೆಗೆ ದಣಿವಿಲ್ಲ. ಪಟ್ಟಿಯ ಮರ್ಮ ಇರುವುದು ಇಲ್ಲಿಯೇ.

ಬಲಗೈ ಬಳಸುವವನೊಬ್ಬ ನೆಲದ ಮೇಲೆ ಬೋರಲಾಗಿ ಮಲಗಿ ಗುರಿ ಹಿಡಿದಿದ್ದಾನೆಂದು ಭಾವಿಸೋಣ. ಅವನ ಎಡ ಮೊಣಕೈ ನೆಲಕ್ಕೆ ಊರಿದೆ, ಅಂಗೈಯ ಮೇಲೆ ರೈಫಲ್ ಕುಳಿತಿದೆ. ರೈಫಲ್ಲಿನ ಭಾರ ಮುಂಗೈಯನ್ನು ಕೆಳಕ್ಕೆ ಒತ್ತುತ್ತದೆ. ಮೊಣಕೈಯ ಕೋನ ಬಿಚ್ಚಿಕೊಳ್ಳಲು ನೋಡುತ್ತದೆ. ಅದು ಬಿಚ್ಚಿಕೊಳ್ಳದಂತೆ ತೋಳಿನ ಸ್ನಾಯು ಸದಾ ಎಳೆದು ಹಿಡಿದಿರಬೇಕು. ಈಗ ತೋಳಿನ ಮೇಲ್ಭಾಗಕ್ಕೆ ಪಟ್ಟಿಯ ಕುಣಿಕೆಯೊಂದನ್ನು ತೊಡಿಸಿ, ಅದರ ಇನ್ನೊಂದು ತುದಿಯನ್ನು ಕೈಯ ಮುಂದಿರುವ ಕೊಂಡಿಗೆ ಸಿಕ್ಕಿಸಿದರೆ ಮುಂಗೈ, ತೋಳು ಮತ್ತು ಪಟ್ಟಿ ಸೇರಿ ಒಂದು ತ್ರಿಕೋನವಾಗುತ್ತದೆ. ಸ್ನಾಯು ಮಾಡುತ್ತಿದ್ದ ಎಳೆತವನ್ನು ಪಟ್ಟಿ ವಹಿಸಿಕೊಳ್ಳುತ್ತದೆ. ಭಾರ ಮೂಳೆಯ ಮೂಲಕ ನೆಲಕ್ಕೆ ಇಳಿಯುತ್ತದೆ. ಅಡಿಕೆ ಮರ ಹತ್ತುವ ಕೊನೆಗಾರನ ಕಾಲಿನ ತಳೆ ಮರ ಹತ್ತುವುದಿಲ್ಲ. ಹತ್ತುವವನ ಪಾದಗಳು ಜಾರಿ ಅಗಲದಂತೆ ಹಿಡಿದಿಡುತ್ತದೆ. ಬಂದೂಕಿನ ಪಟ್ಟಿಯದೂ ಅದೇ ಬಗೆಯ ಸೇವೆ.

ಈ ಉಪಾಯಕ್ಕೆ ಅತ್ಯಂತ ಹೆಸರಾದ ರೂಪ ಸಿಕ್ಕಿದ್ದು ಅಮೆರಿಕದಲ್ಲಿ. ಅಲ್ಲಿನ ಸೇನೆ 1903ರಲ್ಲಿ ಸ್ಪ್ರಿಂಗ್‌ಫೀಲ್ಡ್ ರೈಫಲ್ಲನ್ನು ಅಂಗೀಕರಿಸಿತು. ಸೈನಿಕರೂ ನಾಗರಿಕರೂ ಗುರಿಯಲ್ಲಿ ಪಳಗಬೇಕೆಂದು ರಾಷ್ಟ್ರೀಯ ಸ್ಪರ್ಧೆಗಳು ಆರಂಭವಾದುದೂ ಅದೇ ವರ್ಷ. 1907ರಲ್ಲಿ ಆ ಸ್ಪರ್ಧೆಗಳು ಓಹಿಯೊ ರಾಜ್ಯದ ಕ್ಯಾಂಪ್ ಪೆರ್ರಿಗೆ ಬಂದವು. ಈಗಲೂ ಅಲ್ಲಿ ನಡೆಯುತ್ತವೆ. ಅದೇ 1907ರ ಹೆಸರನ್ನು ಹೊತ್ತು ಬಂದದ್ದು 'ಎಂ 1907' ಎಂಬ ತೊಗಲಿನ ಪಟ್ಟಿ. ಒಂದೂಕಾಲು ಅಂಗುಲ ಅಗಲ. ಒಂದು ಉದ್ದದ, ಒಂದು ಗಿಡ್ಡದ, ಹೀಗೆ ಎರಡು ತುಂಡು. ಎರಡನ್ನೂ ಕೂಡಿಸಲು ಲೋಹದ ಬಳೆ, ಉದ್ದವನ್ನು ಹೊಂದಿಸಲು ಸಾಲು ರಂಧ್ರಗಳು, ರಂಧ್ರಗಳಿಗೆ ಸಿಕ್ಕಿಸಲು ಎರಡು ಹಲ್ಲಿನ ಕೊಕ್ಕೆಗಳು. ಈ ಕೊಕ್ಕೆಗೆ ಅಲ್ಲಿನವರು ಇಟ್ಟ ಹೆಸರು 'ಫ್ರಾಗ್', ಎಂದರೆ ಕಪ್ಪೆ! ಕುಣಿಕೆ ಸಡಿಲವಾಗದಂತೆ ಹಿಡಿಯಲು ತೊಗಲಿನದೇ ಎರಡು ಉಂಗುರಗಳು. ಎರಡು ಮಹಾಯುದ್ಧಗಳಲ್ಲಿ ಈ ಪಟ್ಟಿ ದುಡಿಯಿತು. ಎರಡನೆಯದರ ಕಾಲಕ್ಕೆ ಅಗ್ಗವೂ ಸರಳವೂ ಆದ ಹತ್ತಿಯ ನೇಯ್ಗೆಯ ಪಟ್ಟಿ ಜೊತೆಗೂಡಿತು.

ಪಟ್ಟಿಯನ್ನು ತೋಳಿಗೆ ಕಟ್ಟಿಕೊಳ್ಳುವ ವಿಧಾನ ಎರಡು ಬಗೆಯದು. ಸಮಯವಿದ್ದಾಗ ಬಳಸುವುದು ಕುಣಿಕೆಯ ವಿಧಾನ. ಗಿಡ್ಡ ತುಂಡಿನ ಕೊಕ್ಕೆಯನ್ನು ಬಿಡಿಸಿ ಸಡಿಲಗೊಳಿಸಬೇಕು. ಉದ್ದದ ತುಂಡಿನಿಂದಾದ ಕುಣಿಕೆಯನ್ನು ಅರ್ಧ ಸುತ್ತು ತಿರುಗಿಸಿ ಎಡಗೈಯನ್ನು ಅದರೊಳಗೆ ತೂರಿಸಬೇಕು. ಆ ಅರ್ಧ ಸುತ್ತಿನಿಂದಾಗಿ ಪಟ್ಟಿ ಮುಂಗೈಯ ಮೇಲೆ ಚಪ್ಪಟೆಯಾಗಿ ಕೂರುತ್ತದೆ, ಅಂಚು ಕೊರೆಯುವುದಿಲ್ಲ. ಕುಣಿಕೆಯನ್ನು ಕಂಕುಳಿನ ಹತ್ತಿರದವರೆಗೂ ಮೇಲಕ್ಕೆ ಏರಿಸಿ ಉಂಗುರದಿಂದ ಬಿಗಿ ಮಾಡಿದರೆ ಆಯಿತು. ಅವಸರವಿದ್ದಾಗ ಬಳಸುವುದು ಇನ್ನೊಂದು. ಯಾವ ಕೊಕ್ಕೆಯನ್ನೂ ಬಿಚ್ಚದೆ ಬಂದೂಕಿಗೂ ಪಟ್ಟಿಗೂ ನಡುವೆ ತೋಳನ್ನು ತೂರಿಸಿ, ಮಣಿಕಟ್ಟಿನ ಹೊರಗಿನಿಂದ ಒಂದು ಸುತ್ತು ತಂದರೆ ಸಾಕು. ಇದು ಎರಡೇ ಕ್ಷಣದ ಕೆಲಸ. ಆದರೆ ಸಿಗುವ ಆಸರೆ ಕುಣಿಕೆಯಷ್ಟಿಲ್ಲ.

ಬಿಗಿ ಎಷ್ಟಿರಬೇಕು? ಪಟ್ಟಿ ಕಟ್ಟಿಕೊಂಡ ಮೇಲೆ ರೈಫಲ್ಲಿನ ಬುಡವನ್ನು ಬಲಗೈಯಿಂದ ಕೊಂಚ ಒತ್ತಿಯೇ ಭುಜದ ಗುಳಿಗೆ ಕೂರಿಸುವಂತಿರಬೇಕು. ತಾನಾಗಿ ಸಲೀಸಾಗಿ ಕೂತರೆ ಪಟ್ಟಿ ಸಡಿಲ. ಎಷ್ಟು ಒತ್ತಿದರೂ ಕೂರದಿದ್ದರೆ ಅತಿ ಬಿಗಿ. ಹೊಂದಿಕೆಯಾದ ರಂಧ್ರದ ಸಂಖ್ಯೆಯನ್ನು ಗುರುತಿಟ್ಟುಕೊಳ್ಳುವುದು ವಾಡಿಕೆ. ಮಲಗಿ ಹೊಡೆಯುವಾಗಿನ ಅಳತೆ ಕೂತಾಗ ಹೊಂದುವುದಿಲ್ಲ, ಮಂಡಿಯೂರಿದಾಗಿನದು ಮತ್ತೊಂದು.

ಇಷ್ಟಾದರೂ ಮುಖ್ಯವಾದ ಪರೀಕ್ಷೆ ಉಳಿದಿರುತ್ತದೆ. ಖಾಲಿ ರೈಫಲ್ಲನ್ನು ಗುರಿಗೆ ಹಿಡಿದು, ಕಣ್ಣು ಮುಚ್ಚಿ, ಎರಡು ಬಾರಿ ನಿಧಾನವಾಗಿ ಉಸಿರಾಡಿ, ಕಣ್ಣು ತೆರೆದು ನೋಡಬೇಕು. ನಳಿಗೆ ಗುರಿಯ ಮೇಲೆಯೇ ಇದ್ದರೆ ಸರಿ. ಪಕ್ಕಕ್ಕೆ ಸರಿದಿದ್ದರೆ ಅಷ್ಟು ಹೊತ್ತೂ ಸ್ನಾಯುಗಳು ಗುಟ್ಟಾಗಿ ಅದನ್ನು ಎಳೆದು ಹಿಡಿದಿದ್ದವು ಎಂದರ್ಥ. ಆಗ ಕೈಯಿಂದ ನಳಿಗೆಯನ್ನು ತಿರುಗಿಸುವುದು ತಪ್ಪು. ಎಡ ಮೊಣಕೈ ಕದಲದಂತೆ ಸೊಂಟವನ್ನೋ ಕಾಲನ್ನೋ ತುಸು ಸರಿಸಿ ಇಡೀ ದೇಹವನ್ನೇ ಗುರಿಯ ಕಡೆಗೆ ಹೊರಳಿಸಬೇಕು. ಹೊಸಬರು ಎಡವುವುದು ಬಹುಮಟ್ಟಿಗೆ ಇಲ್ಲಿಯೇ. ಪಟ್ಟಿ ತಪ್ಪನ್ನು ತಿದ್ದುವುದಿಲ್ಲ. ದೇಹ ಅಡ್ಡಾದಿಡ್ಡಿ ಮಲಗಿದ್ದರೆ ಆ ತಪ್ಪನ್ನೇ ಗಟ್ಟಿಯಾಗಿ ಹಿಡಿದಿಡುತ್ತದೆ.

ಪಟ್ಟಿಗೆ ತನ್ನವೇ ದೋಷಗಳೂ ಉಂಟು. ಕುಣಿಕೆ ತೋಳಿನ ನಡುವೆ ಬಿಗಿದರೆ ರಕ್ತನಾಳದ ಮಿಡಿತ ಪಟ್ಟಿಗುಂಟ ಸಾಗಿ ನಳಿಗೆಯನ್ನೇ ತಾಳಕ್ಕೆ ತಕ್ಕಂತೆ ಕುಣಿಸುತ್ತದೆ. ಕುಣಿಕೆಯನ್ನು ಮೇಲಕ್ಕೆ ಏರಿಸುವುದೂ, ಸ್ಪರ್ಧಿಗಳು ದಪ್ಪನೆಯ ಅಂಗಿ ತೊಡುವುದೂ ಇದರ ನಿವಾರಣೆಗಾಗಿ. ಮುಂದಿನ ಕೊಂಡಿ ನಳಿಗೆಗೇ ಅಂಟಿಕೊಂಡಿರುವ ರೈಫಲ್ಲುಗಳಲ್ಲಿ ಪಟ್ಟಿಯ ಸೆಳೆತ ನಳಿಗೆಯನ್ನು ಕಣ್ಣಿಗೆ ಕಾಣದಷ್ಟು ಬಗ್ಗಿಸುತ್ತದೆ. ಗುಂಡು ಬೀಳುವ ಜಾಗ ಬದಲಾಗುತ್ತದೆ. ಅಮೆರಿಕದ ಎಂ 16 ರೈಫಲ್ಲಿನಲ್ಲಿ ಈ ತೊಡಕು ಎದ್ದು ಕಂಡಿತು. ಆದ್ದರಿಂದಲೇ ಸ್ಪರ್ಧೆಯ ರೈಫಲ್ಲುಗಳಲ್ಲಿ ಕೊಂಡಿಯನ್ನು ನಳಿಗೆಗೆ ತಾಗದ ಭಾಗಕ್ಕೆ ಜೋಡಿಸುತ್ತಾರೆ. ಇನ್ನು, ನಿಂತು ಹೊಡೆಯುವಾಗ ಮೊಣಕೈಗೆ ನೆಲದ ಆಸರೆ ಇರುವುದಿಲ್ಲವಾದ್ದರಿಂದ ಪಟ್ಟಿಯ ಪ್ರಯೋಜನವೂ ಅಲ್ಪ.

ಆರಿಸುವಾಗ ನೋಡಬೇಕಾದ ಮೊದಲ ಗುಣ ಹಿಗ್ಗದಿರುವುದು. ಹೊರಲು ಹಿತವೆಂದು ಮಾರುವ, ರಬ್ಬರಿನಂತೆ ಹಿಗ್ಗುವ ಮೆತ್ತನೆಯ ಪಟ್ಟಿಗಳು ಗುರಿಗೆ ಒದಗುವುದಿಲ್ಲ. ಒಳ್ಳೆಯ ತೊಗಲು ತೋಳಿಗೆ ಹೊಂದಿಕೊಳ್ಳುತ್ತದೆ, ಜಾರುವುದಿಲ್ಲ. ಆದರೆ ನೆನೆದರೆ ಹಿಗ್ಗುತ್ತದೆ, ಎಣ್ಣೆ ಕಾಣದಿದ್ದರೆ ಬಿರುಕು ಬಿಡುತ್ತದೆ, ಎಣ್ಣೆ ಅತಿಯಾದರೆ ಜೋಲುಬೀಳುತ್ತದೆ. ಹತ್ತಿಯ ಪಟ್ಟಿ ಹಗುರ, ಆರೈಕೆ ಕಡಿಮೆ. ಎರಡನೆಯದಾಗಿ ಅಗಲ. ತೀರ ಕಿರಿದಾದದ್ದು ತೋಳನ್ನು ಕೊಯ್ಯುತ್ತದೆ. ಅಂತರರಾಷ್ಟ್ರೀಯ ನಿಯಮದ ಪ್ರಕಾರ ಸ್ಪರ್ಧೆಯ ಪಟ್ಟಿ 40 ಮಿಲಿಮೀಟರಿಗಿಂತ ಅಗಲವಿರಕೂಡದು. ಮಲಗಿ ಮತ್ತು ಮಂಡಿಯೂರಿ ಹೊಡೆಯುವಾಗ ಮಾತ್ರ ಅದಕ್ಕೆ ಅನುಮತಿ; ನಿಂತಾಗ ನಿಷಿದ್ಧ.

ಭಾರತೀಯರ ಎರಡು ಒಲಿಂಪಿಕ್ ಪದಕಗಳನ್ನು ಈ ನಿಯಮದ ಬೆಳಕಿನಲ್ಲಿ ನೋಡಬಹುದು. 2008ರ ಬೀಜಿಂಗ್‌ನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದ 10 ಮೀಟರ್ ಏರ್ ರೈಫಲ್ ಪೂರ್ತಿ ನಿಂತು ಆಡುವ ಸ್ಪರ್ಧೆ. ಅಲ್ಲಿ ಪಟ್ಟಿಗೆ ಎಡೆಯಿಲ್ಲ. 2024ರ ಪ್ಯಾರಿಸ್‌ನಲ್ಲಿ ಸ್ವಪ್ನಿಲ್ ಕುಸಾಳೆ ಕಂಚು ಗೆದ್ದದ್ದು 50 ಮೀಟರ್ ರೈಫಲ್ಲಿನ ಮೂರು ಭಂಗಿಗಳ ಸ್ಪರ್ಧೆಯಲ್ಲಿ. ಮೊದಲೆರಡು ಭಂಗಿಗಳಲ್ಲಿ ಪಟ್ಟಿಯ ಆಸರೆ, ಮೂರನೆಯದರಲ್ಲಿ ಅದನ್ನು ಬಿಚ್ಚಿಟ್ಟು ಬರಿಯ ದೇಹದ ಸಮತೋಲ. ನಮ್ಮ ಕೊಡಗಿನಲ್ಲಿ ಕೈಲ್ ಮುಹೂರ್ತದ ದಿನ ಆಯುಧಪೂಜೆಯ ನಂತರ ಮರದ ತುದಿಗೆ ಕಟ್ಟಿದ ತೆಂಗಿನಕಾಯಿಗೆ ಗುಂಡು ಹೊಡೆಯುವವರು ನಂಬಬೇಕಾದದ್ದೂ ಈ ಸಮತೋಲವನ್ನೇ.

1960ರ ದಶಕದಲ್ಲಿ ಹಗುರವಾದ, ಸರಣಿಯಾಗಿ ಗುಂಡು ಸುರಿಸುವ ರೈಫಲ್ಲುಗಳು ಬಂದ ಮೇಲೆ ಸೈನ್ಯದಲ್ಲಿ ಪಟ್ಟಿ ಬಹುಪಾಲು ಹೊರುವ ಸಾಧನವಾಗಿಯೇ ಉಳಿಯಿತು. ಒಂದೇ ಗುಂಡಿಗೆ ಬೆಲೆಯಿರುವ ಸ್ಪರ್ಧೆಯ ಮೈದಾನಗಳು ಹಳೆಯ ವಿದ್ಯೆಯನ್ನು ಉಳಿಸಿಕೊಂಡವು. ಅಲ್ಲಿ ಕಲಿಯಲು ಬಂದವನಿಗೆ ಮೊದಲು ಹೇಳುವ ಮಾತು ಬಲ ಹಾಕಬೇಡ ಎಂಬುದು. ಪಟ್ಟಿ ಸರಿಯಾಗಿ ಕೂತಿದೆಯೇ ಎಂದು ತಿಳಿಯಲು ಅವನು ಎಡಗೈಯ ಬೆರಳುಗಳನ್ನು ಪೂರ್ತಿ ಬಿಡಿಸಿ ನೋಡಬಹುದು. ರೈಫಲ್ ಅಂಗೈಯ ಮೇಲೆ ಇದ್ದಂತೆಯೇ ಇದ್ದರೆ, ಇನ್ನು ಉಸಿರು ಹಿಡಿದು ಟ್ರಿಗರ್ ಒತ್ತುವುದಷ್ಟೇ ಬಾಕಿ.