ತುರಿಕೆಗೆ ಒಂದು ಟ್ಯೂಬ್ ಕೊಡಿ!

ಜೂನ್ ಎರಡನೇ ವಾರ ದಾಟಿತೆಂದರೆ ನಮ್ಮ ಕರಿಕೆಯಲ್ಲಿ ಬಟ್ಟೆ ಒಣಗುವ ಮಾತೇ ಇಲ್ಲ. ಒಲೆಯ ಮೇಲೆ ಹಗ್ಗ ಕಟ್ಟಿ ಹೊಗೆಯಲ್ಲಿ ಒಣಗಿಸಿದ ಪ್ಯಾಂಟ್ ಹಾಕಿಕೊಂಡು ಕಾಲೇಜಿಗೆ ಹೊರಟರೆ, ಬಸ್ಸು ಬರುವಷ್ಟರಲ್ಲಿ ಅದೂ ಮೊಣಕಾಲಿನ ತನಕ ಒದ್ದೆ. ಜಿಗಣೆ ಕಚ್ಚಿದ ಜಾಗ, ಗಮ್‌ಬೂಟಿನೊಳಗೆ ಇಡೀ ದಿನ ಬೆವತ ಪಾದ, ತೋಟದಲ್ಲಿ ಬೋರ್ಡೋ ದ್ರಾವಣ ಸಿಡಿದ ಕೈ. ಮಳೆಗಾಲದಲ್ಲಿ ಕೆರೆತಕ್ಕೆ ಕಾರಣ ಹುಡುಕಬೇಕಾಗಿಯೇ ಇಲ್ಲ. ಬೇಸಿಗೆಯಲ್ಲಾದರೆ ಗೇರುಬೀಜದ ಸೊನೆ ಇದ್ದೇ ಇದೆ.

ನಾನು ಡಿ.ಫಾರ್ಮ ವಿದ್ಯಾರ್ಥಿನಿ. ಕೋರ್ಸಿನ ಭಾಗವಾಗಿ ಒಂದು ಮೆಡಿಕಲ್ ಶಾಪಿನ ಕೌಂಟರಿನ ಹಿಂದೆ ನಿಂತು ತರಬೇತಿ ಪಡೆದೆ. ನಮ್ಮದು ಗಡಿಯೂರು. ಒಂದು ಕಡೆ ಭಾಗಮಂಡಲ, ಇನ್ನೊಂದು ಕಡೆ ಕೇರಳದ ಪಾಣತ್ತೂರು. ಹಾಗಾಗಿ ಗಿರಾಕಿಗಳು ಕನ್ನಡ, ಅರೆಭಾಷೆ, ಮಲಯಾಳಂ ಎಲ್ಲದರಲ್ಲೂ ಮಾತಾಡುತ್ತಾರೆ. ಆದರೆ ಯಾವ ಭಾಷೆಯಲ್ಲಿ ಕೇಳಿದರೂ ಈ ಒಂದು ಮಾತು ಮಾತ್ರ ಬದಲಾಗುವುದಿಲ್ಲ: ‘ಅಣ್ಣಾ, ತುರಿಕೆಗೆ ಒಂದು ಟ್ಯೂಬ್ ಕೊಡಿ’. ಎಲ್ಲಿ ತುರಿಕೆ, ಎಷ್ಟು ದಿನದಿಂದ, ಮನೆಯಲ್ಲಿ ಬೇರೆಯವರಿಗೂ ಇದೆಯಾ ಎಂದು ಕೇಳಿದರೆ ನಮ್ಮನ್ನೇ ವಿಚಿತ್ರವಾಗಿ ನೋಡುತ್ತಾರೆ. ಪಕ್ಕದ ರೂಮಿನವನು ಹಚ್ಚಿದ ಟ್ಯೂಬಿನ ಫೋಟೊ ಮೊಬೈಲಿನಲ್ಲಿರುತ್ತದೆ. ಅದೇ ಬೇಕು, ಅಷ್ಟೆ.

ಹೀಗೆ ಕೇಳುವ ಟ್ಯೂಬುಗಳಲ್ಲಿ ಬಹಳಷ್ಟರೊಳಗೆ ಇರುವುದು ಸ್ಟಿರಾಯ್ಡ್. ಜಿಮ್‌ನಲ್ಲಿ ಮೈ ಉಬ್ಬಿಸಲು ಕೆಲವರು ಕದ್ದುಮುಚ್ಚಿ ತೆಗೆದುಕೊಳ್ಳುವ ಸ್ಟಿರಾಯ್ಡ್ ಬೇರೆ, ಇದು ಬೇರೆ. ನಮ್ಮ ಮೂತ್ರಪಿಂಡದ ಮೇಲೆ ಟೋಪಿಯ ಹಾಗೆ ಕುಳಿತಿರುವ ಅಡ್ರಿನಲ್ ಗ್ರಂಥಿ ಕಾರ್ಟಿಸೋಲ್ ಎಂಬ ಹಾರ್ಮೋನನ್ನು ತಯಾರಿಸುತ್ತದೆ. ಅದನ್ನೇ ಔಷಧವಾಗಿ ಮಾಡಿದರೆ ಹೈಡ್ರೊಕಾರ್ಟಿಸೋನ್. 1952ರಲ್ಲಿ ನ್ಯೂಯಾರ್ಕಿನ ಚರ್ಮವೈದ್ಯರಾದ ಸಲ್ಜ್‌ಬರ್ಗರ್ ಮತ್ತು ವಿಟ್ಟನ್ ಇದನ್ನು ಚರ್ಮಕ್ಕೆ ಹಚ್ಚಿ ಫಲ ಕಂಡ ವರದಿ ಪ್ರಕಟಿಸಿದರು. ಇಸುಬಿನಿಂದ ನರಳುತ್ತಿದ್ದವರಿಗೆ ಅದೊಂದು ಹೊಸ ಬದುಕು. ಚರ್ಮದ ಊತ, ಕೆಂಪು, ಕೆರೆತ ಎಲ್ಲವನ್ನೂ ಅದು ತಣಿಸುತ್ತದೆ. ದೇಹದ ರಕ್ಷಣಾಪಡೆಯ ಅತಿ ಸಿಟ್ಟನ್ನು ಇಳಿಸುವುದೇ ಅದರ ಕೆಲಸ.

ಸಮಸ್ಯೆ ಹುಟ್ಟುವುದೂ ಇಲ್ಲಿಂದಲೇ. ಕೆರೆತಕ್ಕೆ ಕಾರಣ ಶಿಲೀಂಧ್ರವಾಗಿದ್ದರೆ, ಅಂದರೆ ನಾವು ಹುಳುಕಡ್ಡಿ ಎನ್ನುವುದು, ಆ ರಕ್ಷಣಾಪಡೆ ಅಲ್ಲಿ ನಿಜವಾಗಿ ಹೋರಾಡುತ್ತಿರುತ್ತದೆ. ಸ್ಟಿರಾಯ್ಡ್ ಹಚ್ಚಿದರೆ ಅದು ಸುಮ್ಮನಾಗುತ್ತದೆ. ಎರಡು ದಿನದಲ್ಲಿ ಕೆರೆತ ಮಾಯ. ಶಿಲೀಂಧ್ರಕ್ಕೆ ಮಾತ್ರ ಹಬ್ಬ.

ನಮ್ಮೂರ ಕಡೆಯ ಒಬ್ಬ ಹುಡುಗನಿಗೆ ಆದದ್ದು ಹೀಗೆಯೇ. ಡಿಗ್ರಿ ಮುಗಿಸಿ ಪೊಲೀಸ್ ಕಾನ್‌ಸ್ಟೆಬಲ್ ನೇಮಕಾತಿಗೆ ತಯಾರಿ ನಡೆಸುತ್ತಿದ್ದ. ದಿನಾ ಬೆಳಿಗ್ಗೆ ಓಟ, ಮಳೆಯಲ್ಲಿ ನೆನೆದ ಚಡ್ಡಿ, ಬೆವರು. ತೊಡೆಸಂದಿಯಲ್ಲಿ ಉಂಗುರದಂಥ ದದ್ದು ಎದ್ದಿತು. ಹೇಳಿಕೊಳ್ಳಲು ನಾಚಿಕೆ. ಗೆಳೆಯ ಕೊಟ್ಟ ಟ್ಯೂಬ್ ಹಚ್ಚಿದ, ಕಡಿಮೆಯಾಯಿತು. ಬಿಟ್ಟ, ಮತ್ತೆ ಬಂತು. ಮತ್ತೆ ಹಚ್ಚಿದ. ನಾಲ್ಕು ತಿಂಗಳಲ್ಲಿ ಅದು ಸೊಂಟ ದಾಟಿ ಬೆನ್ನಿಗೆ ಹಬ್ಬಿತ್ತು. ಚರ್ಮವೈದ್ಯರ ಹತ್ತಿರ ಹೋದಾಗ ತೊಡೆಯ ಒಳಭಾಗದಲ್ಲಿ ಬಸುರಿಯರ ಹೊಟ್ಟೆಯ ಮೇಲೆ ಕಾಣುವಂಥ ಸೀಳುಗೆರೆಗಳು. ಹುಳುಕಡ್ಡಿ ತಿಂಗಳುಗಟ್ಟಲೆ ಮಾತ್ರೆ ನುಂಗಿದ ಮೇಲೆ ಹೋಯಿತು. ಗೆರೆಗಳು ಪೂರ್ತಿ ಹೋಗುವುದಿಲ್ಲ ಎಂದಿದ್ದಾರೆ. ಉರಿಯಿಂದಾಗಿ ಓಟದ ಅಭ್ಯಾಸ ಎರಡು ತಿಂಗಳು ನಿಂತೇಹೋಯಿತು. ಕೆಲಸಕ್ಕಾಗಿ ಓಡುವವನಿಗೆ ಆ ಎರಡು ತಿಂಗಳ ಬೆಲೆ ಎಷ್ಟೆಂದು ಈ ಪುಟ ಓದುವವರಿಗೆ ಬಿಡಿಸಿ ಹೇಳಬೇಕಿಲ್ಲ.

ಅವನು ಹಚ್ಚಿದ ಟ್ಯೂಬಿನಲ್ಲಿ ಮೂರು ಔಷಧಗಳಿದ್ದವು. ಶಿಲೀಂಧ್ರಕ್ಕೊಂದು, ಬ್ಯಾಕ್ಟೀರಿಯಾಕ್ಕೊಂದು, ಜೊತೆಗೆ ಅತ್ಯಂತ ಪ್ರಬಲವಾದ ಸ್ಟಿರಾಯ್ಡ್. ಯಾವುದಾದರೂ ಒಂದು ತಾಗಲಿ ಎಂದು ಕತ್ತಲಲ್ಲಿ ಕಲ್ಲು ಹೊಡೆದ ಹಾಗೆ. ಇಂಥ ಮಿಶ್ರಣಗಳ ಅತಿ ಬಳಕೆಯೂ ನಮ್ಮ ದೇಶದಲ್ಲಿ ಹುಳುಕಡ್ಡಿ ಹಟಮಾರಿಯಾಗಲು ಒಂದು ಕಾರಣ ಎಂದು ಚರ್ಮತಜ್ಞರು ಹೇಳುತ್ತಾರೆ. ಮಾಮೂಲಿ ಔಷಧಕ್ಕೆ ಬಗ್ಗದ ಒಂದು ಶಿಲೀಂಧ್ರಕ್ಕೆ 2020ರಲ್ಲಿ ಟ್ರೈಕೊಫೈಟಾನ್ ಇಂಡೊಟಿನಿಯೆ ಎಂದು ಹೆಸರಿಟ್ಟರು. ಹೆಸರಿನಲ್ಲೇ ಇಂಡಿಯಾ ಇದೆ. ಹೆಮ್ಮೆಪಡುವ ವಿಷಯವಲ್ಲ ಬಿಡಿ.

ಹಾಗಾದರೆ ಸ್ಟಿರಾಯ್ಡ್ ಕ್ರೀಮ್ ಮುಟ್ಟಲೇಬಾರದೇ? ಹಾಗೆ ಹೇಳುವವರ ಮೇಲೂ ನನಗೆ ಸಿಟ್ಟಿದೆ. ನಮ್ಮ ಪಕ್ಕದ ಮನೆಯ ಅಕ್ಕನ ಮಗುವಿಗೆ ಮೊಣಕೈ ಮಡಚುವಲ್ಲಿ ಇಸುಬು. ವೈದ್ಯರು ಸೌಮ್ಯವಾದ ಹೈಡ್ರೊಕಾರ್ಟಿಸೋನ್ ಬರೆದುಕೊಟ್ಟಿದ್ದರು. ‘ಸ್ಟಿರಾಯ್ಡ್ ವಿಷ’ ಎನ್ನುವ ಯಾವುದೋ ವಿಡಿಯೊ ನೋಡಿ ಅಕ್ಕ ಎರಡನೇ ದಿನಕ್ಕೇ ನಿಲ್ಲಿಸಿಬಿಟ್ಟರು. ಮಗು ರಾತ್ರಿಯಿಡೀ ಕೆರೆದು, ಗಾಯವಾಗಿ, ಕೀವಾಯಿತು. ಮತ್ತೆ ವೈದ್ಯರಲ್ಲಿಗೆ ಹೋಗಿ, ಹೇಳಿದಷ್ಟೇ ದಿನ ಹಚ್ಚಿ, ಮಾಯಿಶ್ಚರೈಸರ್ ತಪ್ಪಿಸದೆ ಹಾಕಿದ ಮೇಲೆ ಮಗುವೂ ಮಲಗಿತು, ಅಕ್ಕನೂ ಮಲಗಿದರು. ಭಯವೂ ಚರ್ಮವನ್ನು ಕೆಡಿಸುತ್ತದೆ.

ಎಲ್ಲ ಸ್ಟಿರಾಯ್ಡ್ ಒಂದೇ ಅಲ್ಲ ಎನ್ನುವುದನ್ನು ತಿಳಿದರೆ ಅರ್ಧ ಗೊಂದಲ ಮುಗಿಯುತ್ತದೆ. ಟ್ಯೂಬಿನ ಮೇಲೆ ದೊಡ್ಡ ಅಕ್ಷರದಲ್ಲಿರುವುದು ಕಂಪನಿ ಇಟ್ಟ ಹೆಸರು. ಅದನ್ನು ಬಿಡಿ, ಸಣ್ಣ ಅಕ್ಷರದಲ್ಲಿ ಬರೆದಿರುವ ಔಷಧದ ಹೆಸರು ನೋಡಿ. ಶೇ 1ರ ಹೈಡ್ರೊಕಾರ್ಟಿಸೋನ್ ಸೌಮ್ಯ ಗುಂಪಿನದು. ಡೆಸೊನೈಡ್ ಕೂಡ ಹೆಚ್ಚುಕಡಿಮೆ ಅದೇ ಸಾಲಿನದು. ಮೊಮೆಟಾಸೋನ್, ಬೀಟಾಮೆಥಾಸೋನ್ ವ್ಯಾಲರೇಟ್ ಜೋರು. ಕ್ಲೋಬೆಟಾಸಾಲ್ ಎಲ್ಲಕ್ಕಿಂತ ಮೇಲಿನ ಮೆಟ್ಟಿಲು. ಇಲ್ಲೊಂದು ಮೋಸವಿದೆ. ಕ್ಲೋಬೆಟಾಸಾಲ್ ಟ್ಯೂಬಿನ ಮೇಲೆ ಶೇ 0.05 ಎಂದಿರುತ್ತದೆ. ಒಂದಕ್ಕಿಂತ ಇದು ಚಿಕ್ಕದಲ್ಲವೇ, ಹಾಗಾದರೆ ಸೌಮ್ಯವೇ ಇರಬೇಕು ಎನಿಸುತ್ತದೆ. ನಿಜದಲ್ಲಿ ಅದರ ಶಕ್ತಿ ಹೈಡ್ರೊಕಾರ್ಟಿಸೋನಿನ ನೂರಾರು ಪಟ್ಟು. ಅಂಕಿ ನೋಡಿ ತೀರ್ಮಾನಿಸಬೇಡಿ, ಹೆಸರು ಓದಿ. ಹೆಸರನ್ನೂ ಪೂರ್ತಿ ಓದಿ. ಕ್ಲೊಟ್ರಿಮಜೋಲ್ ಮತ್ತು ಕ್ಲೋಬೆಟಾಸಾಲ್ ಎರಡೂ ಕಿವಿಗೆ ಅಣ್ಣತಮ್ಮಂದಿರ ಹಾಗೆ ಕೇಳುತ್ತವೆ. ಮೊದಲನೆಯದು ಹುಳುಕಡ್ಡಿಯನ್ನು ಕೊಲ್ಲುವ ಔಷಧ, ಎರಡನೆಯದು ಅದನ್ನು ಬೆಳೆಸುವ ಸ್ಟಿರಾಯ್ಡ್!

ಸೌಮ್ಯ ಕ್ರೀಮ್ ಒಳ್ಳೆಯ ಕೆಲಸ ಮಾಡುವುದು ಕೀಟ ಕಚ್ಚಿ ಊದಿದಾಗ, ಹೊಸ ಸೋಪು, ವಾಚಿನ ಪಟ್ಟಿ, ಬೆಲ್ಟಿನ ಬಕಲ್, ಅಂಗಡಿ ಓಲೆ, ಬೂಟಿನ ರಬ್ಬರ್ ಇಂಥವು ತಾಗಿ ಅಲರ್ಜಿಯಾದಾಗ, ಇಸುಬು ಸಣ್ಣದಾಗಿ ಕೆರಳಿದಾಗ. ತಾಗಿದ ವಸ್ತುವನ್ನು ದೂರ ಇಡದೆ ಬರೀ ಕ್ರೀಮ್ ಹಚ್ಚುವುದು ತೂತು ಕೊಡಕ್ಕೆ ನೀರು ತುಂಬಿದಂತೆ. ಉಂಗುರದಂತೆ ಅಂಚು ಎದ್ದು ನಡುವೆ ತಿಳಿಯಾದ ದದ್ದಿಗೆ ಹಚ್ಚಬೇಡಿ. ರಾತ್ರಿ ಹೆಚ್ಚಾಗುವ, ಬೆರಳುಗಳ ನಡುವೆ ಗುಳ್ಳೆ ಏಳುವ, ರೂಮಿನವರೆಲ್ಲ ಕೆರೆದುಕೊಳ್ಳುವ ತುರಿಕೆಗೂ ಬೇಡ. ಅದು ಕಜ್ಜಿ ಇರಬಹುದು, ಅದಕ್ಕೆ ಔಷಧವೇ ಬೇರೆ. ಕೀವಾದ ಗಾಯ, ನೀರುಗುಳ್ಳೆ, ಸರ್ಪಸುತ್ತು, ಮೊಡವೆ ಯಾವುದಕ್ಕೂ ಬೇಡ.

ಎಷ್ಟು ಹಚ್ಚಬೇಕು ಎನ್ನುವುದನ್ನು ಯಾರೂ ಕೇಳುವುದೇ ಇಲ್ಲ. ಅದಕ್ಕೊಂದು ಸುಲಭದ ಅಳತೆ ಇದೆ. ದೊಡ್ಡವರ ತೋರುಬೆರಳಿನ ತುದಿಯಿಂದ ಮೊದಲ ಗೆರೆಯ ತನಕ ಟ್ಯೂಬಿನಿಂದ ಹಿಂಡಿದರೆ ಸುಮಾರು ಅರ್ಧ ಗ್ರಾಂ. ಬೆರಳೂ ಸೇರಿ ಎರಡು ಅಂಗೈಯಷ್ಟು ಜಾಗಕ್ಕೆ ಇಷ್ಟು ಸಾಕು. ಒಂದು ಅಂಗೈಯಷ್ಟು ದದ್ದಿದ್ದು, ದಿನಕ್ಕೆ ಎರಡು ಸಲ, ಏಳು ದಿನ ಹಚ್ಚಿದರೂ ಖರ್ಚಾಗುವುದು ಮೂರೂವರೆ ಗ್ರಾಂ. ಹದಿನೈದು ಗ್ರಾಂನ ಟ್ಯೂಬ್ ವಾರದಲ್ಲಿ ಖಾಲಿಯಾಯಿತೆಂದರೆ ಎಲ್ಲೋ ಲೆಕ್ಕ ತಪ್ಪಿದೆ. ದದ್ದು ಇರುವಲ್ಲಿ ಮಾತ್ರ ತೆಳುವಾಗಿ ಸವರಿ. ಮಾಯಿಶ್ಚರೈಸರ್ ಹಾಕುವವರು ಎರಡರ ನಡುವೆ ಅರ್ಧ ಗಂಟೆ ಬಿಡಿ. ಮೇಲೆ ಪ್ಲಾಸ್ಟಿಕ್, ಬಿಗಿ ಬ್ಯಾಂಡೇಜ್ ಸುತ್ತಬೇಡಿ, ಔಷಧ ಬೇಕಾದ್ದಕ್ಕಿಂತ ಹೆಚ್ಚು ಒಳಗೆ ಇಳಿಯುತ್ತದೆ. ಹಚ್ಚಿದ ಮೇಲೆ ಕೈ ತೊಳೆಯಿರಿ. ವಾರದಲ್ಲಿ ಗುಣವಾಗದಿದ್ದರೆ ಇನ್ನೊಂದು ವಾರ ಎಳೆಯುವುದಲ್ಲ, ವೈದ್ಯರಿಗೆ ತೋರಿಸುವುದು.

ಹಚ್ಚುವ ಜಾಗವೂ ಮುಖ್ಯ. 1967ರಲ್ಲಿ ಅಮೆರಿಕದ ಇಬ್ಬರು ವಿಜ್ಞಾನಿಗಳು ಹೈಡ್ರೊಕಾರ್ಟಿಸೋನ್ ಯಾವ ಭಾಗದ ಚರ್ಮದಲ್ಲಿ ಎಷ್ಟು ಒಳಗಿಳಿಯುತ್ತದೆ ಎಂದು ಅಳೆದರು. ಮುಂಗೈಯಲ್ಲಿ ಇಳಿಯುವುದನ್ನು ಒಂದು ಎಂದುಕೊಂಡರೆ ಹಣೆಯಲ್ಲಿ ಆರು ಪಟ್ಟು, ದವಡೆಯಲ್ಲಿ ಹದಿಮೂರು ಪಟ್ಟು, ವೃಷಣದ ಚರ್ಮದಲ್ಲಿ ನಲವತ್ತೆರಡು ಪಟ್ಟು. ಅಂಗಾಲಿನಲ್ಲಿ ಮಾತ್ರ ಏಳನೇ ಒಂದು ಭಾಗ. ಪಾದಕ್ಕೆಂದು ಬರೆದುಕೊಟ್ಟ ಟ್ಯೂಬನ್ನು ಮುಖಕ್ಕೆ ಹಚ್ಚಿದರೆ ಏನಾಗಬಹುದೆಂದು ಈ ಲೆಕ್ಕವೇ ಹೇಳುತ್ತದೆ. ಕಣ್ಣಿನ ಸುತ್ತ ದೀರ್ಘಕಾಲ ಹಚ್ಚಿದರೆ ಕಣ್ಣಿನ ಒತ್ತಡ ಏರುವ, ಪೊರೆ ಬರುವ ಅಪಾಯವೂ ಇದೆ.

ಮುಖದ ವಿಷಯ ಬಂದಾಗ ಸ್ವಲ್ಪ ನಿಲ್ಲಲೇಬೇಕು. ಇಂಟರ್‌ವ್ಯೂ, ಮದುವೆ, ಕಾಲೇಜ್ ಡೇ ಹತ್ತಿರ ಬಂದಾಗ ‘ಬೆಳ್ಳಗಾಗುವ’ ಟ್ಯೂಬ್ ಕೇಳುವವರ ಸಂಖ್ಯೆ ಏರುತ್ತದೆ, ಹುಡುಗರೂ ಸೇರಿ. ಅವುಗಳಲ್ಲಿ ಕೆಲವು ಸ್ಟಿರಾಯ್ಡ್ ಬೆರೆತವು. ಮೊದಲ ವಾರ ಹೊಳಪು ಬರುತ್ತದೆ. ಆಮೇಲೆ ಮೊಡವೆ, ಕೆಂಪು, ಬೇಡದ ಕೂದಲು, ಕಾಗದದಂತೆ ತೆಳುವಾದ ಚರ್ಮ, ಬಿಸಿಲಿಗೆ ಹೋದರೆ ಉರಿ. ಬಿಟ್ಟರೆ ಇನ್ನಷ್ಟು ಉರಿ, ಅದಕ್ಕೆ ಮತ್ತೆ ಹಚ್ಚುವುದು. ಭಾರತದ 12 ಚರ್ಮರೋಗ ಕೇಂದ್ರಗಳಲ್ಲಿ ನಡೆದು 2011ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಮುಖದ ಚರ್ಮದ ತೊಂದರೆ ಎಂದು ಬಂದ 2,926 ಮಂದಿಯಲ್ಲಿ 433 ಮಂದಿ ಮುಖಕ್ಕೆ ಸ್ಟಿರಾಯ್ಡ್ ಹಚ್ಚುತ್ತಿದ್ದರು. ಬಯೊಡೇಟಾದಲ್ಲಿ ಬಣ್ಣಕ್ಕೆ ಜಾಗವಿಲ್ಲ ಎಂದು ಕೌಂಟರಿನಲ್ಲಿ ನಿಂತು ಹೇಳಿ ನೋಡಿದ್ದೇನೆ. ಇಬ್ಬರು ನಕ್ಕು ಹೋದರು, ಒಬ್ಬಳು ಟ್ಯೂಬ್ ವಾಪಸ್ ಇಟ್ಟಳು.

ಕಾನೂನು ಸುಮ್ಮನಿಲ್ಲ. 2018ರಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ ಹಚ್ಚುವ 14 ಸ್ಟಿರಾಯ್ಡ್‌ಗಳನ್ನು ಶೆಡ್ಯೂಲ್ ಎಚ್‌ಗೆ ಸೇರಿಸಿತು. ಅಂದರೆ ವೈದ್ಯರ ಚೀಟಿ ಇಲ್ಲದೆ ಮಾರುವಂತಿಲ್ಲ. ಟ್ಯೂಬಿನ ಮೇಲೆ ‘ಆರ್‌ಎಕ್ಸ್’ ಗುರುತು ಕಂಡರೆ ಅದರ ಅರ್ಥ ಇದೇ. ಬ್ರಿಟನ್ನಿನಲ್ಲಿ ಶೇ 1ರ ಹೈಡ್ರೊಕಾರ್ಟಿಸೋನನ್ನು ಫಾರ್ಮಸಿಸ್ಟ್ ಚೀಟಿ ಇಲ್ಲದೆಯೂ ಕೊಡಬಹುದು. ಆದರೆ ಮುಖಕ್ಕೆ ಬೇಡ, ಗುಪ್ತಾಂಗಕ್ಕೆ ಬೇಡ, ಏಳು ದಿನ ಮೀರಬಾರದು, ಹತ್ತು ವರ್ಷದೊಳಗಿನ ಮಕ್ಕಳಿಗೆ ವೈದ್ಯರನ್ನು ಕೇಳದೆ ಇಲ್ಲ ಎಂಬ ಷರತ್ತುಗಳಿವೆ. ಅಷ್ಟು ಸೌಮ್ಯ ಔಷಧಕ್ಕೇ ಇಷ್ಟು ಬೇಲಿ. ಇಲ್ಲಿ ಕ್ಲೋಬೆಟಾಸಾಲ್ ಮಿಶ್ರಣ ಬಿಸ್ಕತ್ತಿನ ಪ್ಯಾಕೆಟ್ಟಿನ ಹಾಗೆ ಕೈಬದಲಾಗುವುದನ್ನು ನೋಡಿದರೆ ಓದಿದ ಪಾಠವೆಲ್ಲ ಸುಳ್ಳೇ ಎನಿಸುತ್ತದೆ. ತಪ್ಪು ಅಂಗಡಿಯವರದು ಮಾತ್ರವೂ ಅಲ್ಲ. ಕೊಡದಿದ್ದರೆ ಮುಂದಿನ ಅಂಗಡಿಗೆ ಹೋಗುವ ನಮ್ಮದೂ ಹೌದು.

ನಮ್ಮಂಥ ಊರಿಗೆ ಚರ್ಮವೈದ್ಯರು ದೂರ ಎನ್ನುವುದು ನಿಜ. ಮಡಿಕೇರಿಗೆ ಘಟ್ಟ ಹತ್ತಬೇಕು, ಜೋರು ಮಳೆಗೆ ಗುಡ್ಡ ಜರಿದರೆ ಭಾಗಮಂಡಲದ ದಾರಿಯೇ ಬಂದ್. ಆದರೆ ಹುಳುಕಡ್ಡಿಯೋ ಇಸುಬೋ ಎಂದು ಹೇಳಲು ಹೆಚ್ಚಿನ ಸಲ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರೇ ಸಾಕು. ನೆಟ್‌ವರ್ಕ್ ಸಿಗುವ ಜಾಗದಲ್ಲಿ ನಿಂತರೆ ಸರ್ಕಾರದ ಇ-ಸಂಜೀವಿನಿಯಲ್ಲಿ ಮನೆಯಿಂದಲೇ ವೈದ್ಯರೊಂದಿಗೆ ಉಚಿತವಾಗಿ ವಿಡಿಯೊದಲ್ಲಿ ಮಾತಾಡಬಹುದು. ಹಗಲು ಬೆಳಕಿನಲ್ಲಿ ತೋರಿಸಿ, ಟ್ಯೂಬ್‌ಲೈಟಿನಲ್ಲಿ ಎಲ್ಲ ದದ್ದೂ ಒಂದೇ ಥರ ಕಾಣುತ್ತದೆ. ನೇರ ಹೋಗುವವರು ಈವರೆಗೆ ಹಚ್ಚಿದ ಎಲ್ಲ ಟ್ಯೂಬುಗಳನ್ನೂ, ಖಾಲಿಯಾದದ್ದನ್ನೂ ಸೇರಿಸಿ, ಒಂದು ಕವರಿನಲ್ಲಿ ಹಾಕಿಕೊಂಡು ಹೋಗಿ. ಗೆಳೆಯನದ್ದಾದರೂ ಸರಿ. ಬೈಸಿಕೊಳ್ಳುತ್ತೇವೆ ಎಂದು ಬಚ್ಚಿಟ್ಟರೆ, ಸ್ಟಿರಾಯ್ಡ್ ಹಚ್ಚಿ ರೂಪ ಬದಲಾದ ಹುಳುಕಡ್ಡಿಯನ್ನು ಗುರುತಿಸಲು ವೈದ್ಯರೇ ಒದ್ದಾಡಬೇಕಾಗುತ್ತದೆ.