ಪಹಣಿಯ ಜಾಲತಾಣವನ್ನೂ ಕೂರಿಗೆಯಂತೆ ಪರೀಕ್ಷಿಸಿರಿ



ಹೊಸ ಕೂರಿಗೆಯನ್ನು ತಾವು ಹೊಲದಲ್ಲಿ ಒಂದು ಸಾಲು ಹೊಡೆದು ನೋಡಿಯೇ ಕೊಳ್ಳುತ್ತೀರಿ. ಪಹಣಿ ತೋರಿಸುವ ‘ಭೂಮಿ’ ಜಾಲತಾಣಕ್ಕೂ ಅದೇ ಪರೀಕ್ಷೆ ಸಲ್ಲುತ್ತದೆ. ಬಳಸುವವರು ತಾವು, ಅದರ ಗುಣದೋಷ ಹೇಳಬೇಕಾದವರೂ ತಾವೇ.

ಆಳಂದ, ಅಫಜಲಪುರ, ಜೇವರ್ಗಿ ತಾಲೂಕುಗಳ ಯಾವ ವಾಚನಾಲಯದಲ್ಲಾದರೂ ಐವರು ಕೂಡಿದರೆ ಸಾಕು. ಒಬ್ಬೊಬ್ಬರಾಗಿ ಮೊಬೈಲಿನಲ್ಲಿ ತಮ್ಮ ಪಹಣಿ ತೆರೆಯಲಿ. ಉಳಿದವರು ಬಾಯಿ ಬಿಡಕೂಡದು (ಕಷ್ಟದ ಕೆಲಸವೆಂದರೆ ಇದೇ!), ಬೆರಳು ಎಲ್ಲಿ ತಡೆಯಿತೆಂದು ಬರೆದುಕೊಳ್ಳಬೇಕು. ಐವರ ಪರೀಕ್ಷೆಯಿಂದಲೇ ಸುಮಾರು ಶೇಕಡಾ 85ರಷ್ಟು ದೋಷಗಳು ಹೊರಬೀಳುತ್ತವೆಂದು ಈ ವಿಷಯದ ತಜ್ಞ ಯಾಕೋಬ್ ನೀಲ್ಸನ್ 2000ರಲ್ಲಿ ಬರೆದಿದ್ದಾರೆ.

ಜಿಲ್ಲೆ, ತಾಲೂಕು, ಹೋಬಳಿ, ಗ್ರಾಮಗಳನ್ನು ಆರಿಸುವುದು ಸುಲಭ. ಸರ್ವೆ ನಂಬರು ಕೊಟ್ಟ ಮೇಲೆ ‘ಸರ್ನೋಕ್’ ಎಂಬ ಚೌಕ ಬರುತ್ತದೆ. ಹೆಚ್ಚಾಗಿ ಅದರೊಳಗೆ ಬರೀ ನಕ್ಷತ್ರದ ಗುರುತು. ಅದನ್ನೇ ಆರಿಸಿ ಮುಂದೆ ಹೋಗಬೇಕೆಂಬುದು ಹೊಸಬರಿಗೆ ಹೊಳೆಯುವುದು ಹೇಗೆ? ಅನಂತರ ಹಿಸ್ಸಾ. ಇಲ್ಲಿ ತಪ್ಪಿದರೆ ಅಣ್ಣನ ಪಹಣಿಯನ್ನು ತಮ್ಮ ನೋಡುತ್ತಾನೆ. ಇದನ್ನು ರೈತನ ದಡ್ಡತನವೆನ್ನಬೇಡಿ; ತಿಳಿಯುವಂತೆ ಹೇಳದ ಪುಟದ ದೋಷವದು.

ಇದು ಸಣ್ಣ ಮಾತಲ್ಲ. ತಾವು ತೊಗರಿಗೆ ವಿಮೆ ಕಟ್ಟಿ, ಬೆಳೆ ಸಮೀಕ್ಷೆಯಲ್ಲಿ ಹೆಸರು ಎಂದು ದಾಖಲಾಗಿದ್ದರೆ ಪರಿಹಾರಕ್ಕೆ ತೊಡಕಾಗುತ್ತದೆ. ಬೆಳೆಯ ಕಾಲಂ ಸಕಾಲದಲ್ಲಿ ಕಂಡರೆ ಮಾತ್ರ ಆಕ್ಷೇಪಣೆ ಸಲ್ಲಿಸಬಹುದು.

ನಡು ಮಧ್ಯಾಹ್ನ ಹೊಲದ ಬದುವಿನ ಮೇಲೆ ನಿಂತೂ ಒಮ್ಮೆ ನೋಡಿರಿ. ನೆರಳಲ್ಲಿ ಕಂಡ ಅಕ್ಷರ ಬಿಸಿಲಲ್ಲಿ ಕಾಣದು. ಬರೆದುಕೊಂಡ ಚೀಟಿಯಲ್ಲಿ ಗ್ರಾಮ, ಸರ್ವೆ ನಂಬರು, ತಡೆದ ಚೌಕದ ಹೆಸರು ಇರಲಿ. ಅದನ್ನು ತಹಸೀಲ್ದಾರರ ಕಚೇರಿಗೆ ಕೊಟ್ಟು ಸ್ವೀಕೃತಿ ಪಡೆಯಿರಿ.